ದೇವಗಿರಿಯ ಕೋಟೆಯೂ ಓಝರಿನ ಕಾರ್ಖಾನೆಯೂ

ನಾಸಿಕ ಜಿಲ್ಲೆಯ ಸಿನ್ನರವೂ ಛತ್ರಪತಿ ಸಂಭಾಜಿನಗರದ ಸಮೀಪದ ದೇವಗಿರಿಯೂ ಕರ್ಣಾಟಕದ ಇತಿಹಾಸವನ್ನು ಓದಿದವರಿಗೆ ಅಪರಿಚಿತವಾದ ಸ್ಥಳಗಳಲ್ಲ. ರಾಷ್ಟ್ರಕೂಟರಿಗೂ ಅನಂತರ ಕಲ್ಯಾಣದ ಚಾಲುಕ್ಯರಿಗೂ ಸಾಮಂತರಾಗಿದ್ದ ಸೇವುಣರು ಮೊದಲು ಸಿನ್ನರದ ಸುತ್ತಿನ ನಾಡನ್ನು ಆಳಿದರು. ಹನ್ನೆರಡನೆಯ ಶತಮಾನದ ಕೊನೆಗೆ, ಐದನೆಯ ಭಿಲ್ಲಮನ ಕಾಲದಲ್ಲಿ, ಸ್ವತಂತ್ರರಾಗಿ ದೇವಗಿರಿಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡರು. ಅವರ ಶಾಸನಗಳಲ್ಲಿ ಬಹುಸಂಖ್ಯೆಯವು ಕನ್ನಡದಲ್ಲಿವೆ. ಅದೇ ನಾಸಿಕದ ಹತ್ತಿರ, ಓಝರ್ ಎಂಬ ಊರಿನಲ್ಲಿ, 1960ರ ದಶಕದಲ್ಲಿ ಯುದ್ಧವಿಮಾನಗಳ ಕಾರ್ಖಾನೆಯೊಂದು ತಲೆಯೆತ್ತಿತು. ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲಿ; ಅಲ್ಲಿ ಕಟ್ಟಿದ ವಿಮಾನದ ವಿನ್ಯಾಸ ಮಾಸ್ಕೋದ್ದು; ಅದು ಹುಟ್ಟುವುದಕ್ಕೂ ಉಳಿಯುವುದಕ್ಕೂ ಕಾರಣವಾದ ಘಟನೆಗಳು ನಡೆದದ್ದು ಕರಾಚಿ, ಪೇಶಾವರ, ಪೀಕಿಂಗ್, ಹವಾನಾಗಳಲ್ಲಿ.

ಯಾವ ಸೈನಿಕ ಕೂಟಕ್ಕೂ ಸೇರೆನೆಂದು ಸಾರಿದ ದೇಶವೊಂದರ ಆಯುಧಶಾಲೆಯು ಎರಡು ಮಹಾಶಕ್ತಿಗಳ ಸ್ಪರ್ಧೆಯಿಂದ ಹೇಗೆ ರೂಪುಗೊಂಡಿತು ಎಂಬುದು ವಿಚಾರಾರ್ಹವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ಹುಡುಕುವ ಮುನ್ನ ದೇವಗಿರಿಯ ಕಥೆಯನ್ನೊಮ್ಮೆ ನೆನೆಯುವುದು ಉಚಿತ. ಸ್ಪರ್ಧೆ, ಮೈತ್ರಿ, ಆಯುಧ ಈ ಮೂರರ ಸಂಬಂಧವನ್ನು ಅಲ್ಲಿ ಚಿಕ್ಕ ಪ್ರಮಾಣದಲ್ಲಿ ಕಾಣಬಹುದು.

1

ಚಾಲುಕ್ಯರ ರಾಜ್ಯವು ಕುಸಿದ ಮೇಲೆ ಅದರ ಉತ್ತರಾಧಿಕಾರಕ್ಕಾಗಿ ಉತ್ತರದಿಂದ ಸೇವುಣರೂ ದಕ್ಷಿಣದಿಂದ ಹೊಯ್ಸಳರೂ ಹೊರಟರು. ಗದಗಿನ ಸಮೀಪದ ಸೊರಟೂರಿನಲ್ಲಿ ವೀರಬಲ್ಲಾಳನು ಭಿಲ್ಲಮನ ಸೈನ್ಯವನ್ನು ಸೋಲಿಸಿದನು. ಮುಂದೆ ಸಿಂಘಣನು ಕಳೆದುಕೊಂಡ ಪ್ರದೇಶದ ಬಹುಭಾಗವನ್ನು ಮರಳಿ ಪಡೆದನು. ಒಂದು ಶತಮಾನದ ಕಾಲ ಎರಡು ರಾಜ್ಯಗಳೂ ತಮ್ಮ ಶಕ್ತಿಯನ್ನು ಪರಸ್ಪರರ ಮೇಲೆ ವ್ಯಯಮಾಡಿದುವು. 1296ರಲ್ಲಿ ಕಡಾ ಪ್ರಾಂತದ ಅಧಿಪತಿಯಾಗಿದ್ದ ಅಲ್ಲಾವುದ್ದೀನನು ದೇವಗಿರಿಯ ಮೇಲೆ ಹಠಾತ್ತಾಗಿ ಎರಗಿದಾಗ ಸೇವುಣರ ಮುಖ್ಯ ಸೈನ್ಯವು ರಾಜಪುತ್ರ ಶಂಕರದೇವನೊಡನೆ ದೂರದಲ್ಲಿತ್ತು. ಕಡಿದಾದ ಬಂಡೆಯ ಮೇಲಿನ ಆ ಕೋಟೆಯನ್ನು ಬಲದಿಂದ ಹಿಡಿಯುವುದು ಸುಲಭವಾಗಿರಲಿಲ್ಲ. ಆದರೆ ದವಸವೆಂದು ತಿಳಿದು ಆತುರದಲ್ಲಿ ಮೇಲೆ ಸಾಗಿಸಿದ ಚೀಲಗಳಲ್ಲಿ ಉಪ್ಪು ತುಂಬಿತ್ತೆಂದು ಅನಂತರದ ಇತಿಹಾಸಕಾರರು ಹೇಳುತ್ತಾರೆ. ಕಥೆಯ ವಿವರ ಹೇಗೇ ಇರಲಿ, ರಾಮಚಂದ್ರದೇವನು ಅಪಾರ ಕಪ್ಪವನ್ನೊಪ್ಪಿ ಸಂಧಿ ಮಾಡಿಕೊಳ್ಳಬೇಕಾಯಿತು ಎಂಬುದು ನಿಶ್ಚಿತ.

ಅನಂತರ ನಡೆದುದು ಇನ್ನೂ ಗಮನಾರ್ಹವಾದುದು. 1311ರಲ್ಲಿ ಮಲಿಕ್ ಕಾಫೂರನು ದ್ವಾರಸಮುದ್ರದ ಮೇಲೆ ದಂಡೆತ್ತಿ ಹೋದಾಗ ಅವನಿಗೆ ಬೇಕಾದ ನೆರವನ್ನು ಒದಗಿಸಿದವನು ಇದೇ ರಾಮಚಂದ್ರದೇವ. ಸೋತ ಮೂರನೆಯ ಬಲ್ಲಾಳನು ಮುಂದೆ ಅದೇ ಸೇನೆಗೆ ಪಾಂಡ್ಯರ ನಾಡಿಗೆ ದಾರಿ ತೋರಿಸಬೇಕಾಯಿತು. ನೆರೆಯವನ ಮೇಲಿನ ಹಳೆಯ ಹಗೆ ಬಲಿಷ್ಠನಾದ ಮೂರನೆಯವನಿಗೆ ಸೋಪಾನವಾಗುವ ಬಗೆ ಇದು. ದೇವಗಿರಿಯಿಂದ ಎರಡು ಮಾತುಗಳು ತಿಳಿಯುತ್ತವೆ. ದೊಡ್ಡವನೊಡನೆ ಮಾಡಿಕೊಂಡ ಮೈತ್ರಿಯು ಚಿಕ್ಕವನ ಜಗಳವನ್ನು ದೊಡ್ಡವನ ಕೆಲಸಕ್ಕೆ ಹೂಡುತ್ತದೆ ಎಂಬುದು ಒಂದು. ಕೋಟೆಯ ಬಲವನ್ನು ಅಳೆಯುವಾಗ ಗೋಡೆಯನ್ನಷ್ಟೇ ಅಲ್ಲದೆ ಉಗ್ರಾಣವನ್ನೂ ನೋಡಬೇಕೆಂಬುದು ಎರಡನೆಯದು. ಇಪ್ಪತ್ತನೆಯ ಶತಮಾನದಲ್ಲಿ ಅಸ್ತ್ರಗಳ ಸ್ವರೂಪ ಬದಲಾಯಿತು. ಈ ಎರಡು ಮಾತುಗಳು ಬದಲಾಗಲಿಲ್ಲ.

2

1945ರ ಆಗಸ್ಟಿನಲ್ಲಿ ಹಿರೋಶಿಮಾ, ನಾಗಾಸಾಕಿಗಳ ಮೇಲೆ ಬಿದ್ದ ಬಾಂಬುಗಳು ಯುದ್ಧಶಾಸ್ತ್ರದ ಒಂದು ಹಳೆಯ ನಂಬಿಕೆಯನ್ನು ಮುರಿದುವು. ಅಲ್ಲಿಯವರೆಗೆ ದೊಡ್ಡ ಸೈನ್ಯವೆಂದರೆ ಗೆಲ್ಲುವ ಸಾಧನ. 1949ರ ಆಗಸ್ಟಿನಲ್ಲಿ ಸೋವಿಯತ್ ಒಕ್ಕೂಟವೂ ಪರಮಾಣು ಬಾಂಬನ್ನು ಸ್ಫೋಟಿಸಿತು. 1952ರಲ್ಲಿ ಅಮೆರಿಕವೂ 1953ರಲ್ಲಿ ಸೋವಿಯತ್ ಒಕ್ಕೂಟವೂ ಅದಕ್ಕಿಂತ ಘೋರವಾದ ಉಷ್ಣಪರಮಾಣು ಅಸ್ತ್ರಗಳನ್ನು ಪರೀಕ್ಷಿಸಿದುವು. ಅಲ್ಲಿಂದ ಮುಂದೆ ಈ ಅಸ್ತ್ರದ ಪ್ರಧಾನ ಪ್ರಯೋಜನವು ಎದುರಾಳಿಯನ್ನು ಹೆದರಿಸಿ ತಡೆಯುವುದಕ್ಕೆ ಸೀಮಿತವಾಯಿತು. ಮೊದಲ ಪೆಟ್ಟನ್ನು ತಿಂದ ಮೇಲೂ ಮರುಪೆಟ್ಟು ಕೊಡುವ ಶಕ್ತಿ ಇಬ್ಬರಲ್ಲಿಯೂ ಉಳಿಯುವುದಾದರೆ ಮೊದಲು ಕೈಯೆತ್ತುವವನಿಗೆ ಲಾಭವಿಲ್ಲ. ಆದರೆ ಆ ಶಕ್ತಿ ಉಳಿದೀತೇ ಎಂಬ ಸಂಶಯವೇ ಸಂಗ್ರಹವನ್ನು ಬೆಳೆಸುತ್ತ ಹೋಯಿತು. 1986ರ ಹೊತ್ತಿಗೆ ಜಗತ್ತಿನಲ್ಲಿದ್ದ ಅಣ್ವಸ್ತ್ರಗಳ ಸಂಖ್ಯೆ ಸುಮಾರು 70,000ಕ್ಕೆ ಏರಿತ್ತು.

ನೇರಯುದ್ಧವು ಆತ್ಮಹತ್ಯೆಗೆ ಸಮಾನವಾದುದರಿಂದ ಸ್ಪರ್ಧೆಯು ನಿಲ್ಲಲಿಲ್ಲ, ಪಕ್ಕಕ್ಕೆ ಹರಿಯಿತು. 1949ರಲ್ಲಿ ಉತ್ತರ ಅಟ್ಲಾಂಟಿಕ್ ಒಪ್ಪಂದ, 1955ರಲ್ಲಿ ವಾರ್ಸಾ ಒಪ್ಪಂದ, ಇವುಗಳ ನಡುವೆ ಏಷ್ಯದ ಹಲವು ಒಡಂಬಡಿಕೆಗಳು ಹುಟ್ಟಿದುವು. ಮಿತ್ರದೇಶವು ಮಹಾಶಕ್ತಿಗೆ ವಿಮಾನನೆಲೆಯನ್ನೂ ನೌಕಾನೆಲೆಯನ್ನೂ ಕೊಡುತ್ತದೆ; ಮಹಾಶಕ್ತಿಯು ಅದಕ್ಕೆ ಆಯುಧವನ್ನೂ ಅಭಯವನ್ನೂ ಕೊಡುತ್ತದೆ. ಆದರೆ ಈ ಅಭಯವು ತಳದಲ್ಲಿಯೇ ಒಂದು ಬಿರುಕನ್ನು ಹೊತ್ತಿದೆ. ಪರರ ನಗರವನ್ನು ರಕ್ಷಿಸುವುದಕ್ಕಾಗಿ ಯಾವ ದೇಶವಾದರೂ ತನ್ನ ನಗರಗಳನ್ನು ಬಲಿಗೊಟ್ಟೀತೇ? ಈ ಸಂಶಯದಿಂದಲೇ ಫ್ರಾನ್ಸು ತನ್ನದೇ ಬಾಂಬನ್ನು ಮಾಡಿಕೊಂಡು 1966ರಲ್ಲಿ ಅಟ್ಲಾಂಟಿಕ್ ಕೂಟದ ಸಂಯುಕ್ತ ಸೇನಾ ವ್ಯವಸ್ಥೆಯಿಂದ ಹೊರಬಂದಿತು. 1950ರಲ್ಲಿ ಮಾಸ್ಕೋದೊಡನೆ ಮೈತ್ರಿಗೆ ಸಹಿ ಹಾಕಿದ ಚೀನವು, 1959ರಲ್ಲಿ ಸೋವಿಯತ್ತಿನ ಪರಮಾಣು ನೆರವು ನಿಂತಮೇಲೆ, ತನ್ನ ದಾರಿಯನ್ನು ತಾನು ಹಿಡಿಯಿತು. ಮಿತ್ರನು ಕೈಬಿಟ್ಟಾನೆಂಬ ಭಯ ಒಂದು ಕಡೆ, ಮಿತ್ರನ ಜಗಳಕ್ಕೆ ತಾನು ಸಿಕ್ಕಿಬಿದ್ದೇನೆಂಬ ಭಯ ಇನ್ನೊಂದು ಕಡೆ. ಕೂಟದೊಳಗಿದ್ದ ಪ್ರತಿಯೊಂದು ದೇಶವೂ ಈ ಎರಡರ ನಡುವೆ ತೂಗಾಡಿತು. ಕೂಟದ ಹೊರಗಿದ್ದವರ ಸ್ಥಿತಿಯೇನು?

3

1954ರ ಮೇ ತಿಂಗಳಲ್ಲಿ ಪಾಕಿಸ್ತಾನವು ಅಮೆರಿಕದೊಡನೆ ಪರಸ್ಪರ ರಕ್ಷಣಾ ನೆರವಿನ ಒಪ್ಪಂದವನ್ನು ಮಾಡಿಕೊಂಡಿತು. ಅದೇ ವರ್ಷ ಮನಿಲಾದಲ್ಲಿ ಆಗ್ನೇಯ ಏಷ್ಯ ಒಡಂಬಡಿಕೆಗೂ 1955ರಲ್ಲಿ ಬಾಗ್ದಾದ್ ಒಡಂಬಡಿಕೆಗೂ ಸೇರಿತು. ಅಮೆರಿಕದ ದೃಷ್ಟಿ ಇದ್ದುದು ಉತ್ತರದ ಸೋವಿಯತ್ ಗಡಿಯ ಮೇಲೆ, ಪಾಕಿಸ್ತಾನದ ದೃಷ್ಟಿ ಇದ್ದುದು ಪೂರ್ವದ ಭಾರತದ ಮೇಲೆ. ಒಂದೇ ಕಾಗದಕ್ಕೆ ಸಹಿ ಹಾಕಿದ ಇಬ್ಬರು ಇಬ್ಬೇರೆ ಶತ್ರುಗಳನ್ನು ಎಣಿಸಿಕೊಂಡಿದ್ದರು. 1960ರ ಮೇ 1ರಂದು ಸೋವಿಯತ್ ನೆಲದ ಮೇಲೆ ಹೊಡೆದುರುಳಿಸಲ್ಪಟ್ಟ ಅಮೆರಿಕದ ಯು–2 ಬೇಹುವಿಮಾನವು ಹಾರಿದ್ದು ಪೇಶಾವರದಿಂದ. ಅನಂತರ ಅಮೆರಿಕವು ಧ್ವನಿಗಿಂತ ಎರಡು ಪಟ್ಟು ವೇಗದ ಎಫ್–104 ಸ್ಟಾರ್‌ಫೈಟರ್ ವಿಮಾನಗಳನ್ನು ಪಾಕಿಸ್ತಾನಕ್ಕೆ ಕೊಟ್ಟಿತು. ಅವುಗಳ ಸಂಖ್ಯೆ ಹನ್ನೆರಡು ಮಾತ್ರ. ಆದರೆ ಅಂಥ ವಿಮಾನವೊಂದೂ ಭಾರತದಲ್ಲಿರಲಿಲ್ಲ.

ಭಾರತಕ್ಕೆ ಸ್ವಂತ ಪ್ರಯತ್ನವಿರಲಿಲ್ಲವೆಂದಲ್ಲ. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸಂಸ್ಥಾನದ ಸಹಕಾರದಿಂದಲೂ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ಸ್ಥಾಪಿತವಾಗಿತ್ತು. ಅಲ್ಲಿ ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ರೂಪಿಸಿದ ‘ಮಾರುತ’ ವಿಮಾನವು 1961ರ ಜೂನ್ 17ರಂದು ಮೊದಲ ಬಾರಿ ಹಾರಿತು. ಅದರ ಒಡಲು ಉತ್ತಮವಾಗಿತ್ತು, ಕೊರತೆಯಿದ್ದುದು ಎಂಜಿನಿನಲ್ಲಿ. ಅದಕ್ಕಾಗಿ ನೆಚ್ಚಿಕೊಂಡಿದ್ದ ಹೆಚ್ಚು ಬಲದ ಬ್ರಿಟಿಷ್ ಎಂಜಿನು ಸಿದ್ಧವಾಗಲೇ ಇಲ್ಲ. ಈಜಿಪ್ತಿನೊಡನೆ ಕೂಡಿ ನಡೆಸಿದ ಪ್ರಯತ್ನವೂ ಫಲಿಸಲಿಲ್ಲ. ಕಡಿಮೆ ಬಲದ ಎಂಜಿನನ್ನೇ ಹೊತ್ತ ಮಾರುತವು ಉದ್ದೇಶಿಸಿದ ವೇಗವನ್ನು ಎಂದೂ ಮುಟ್ಟಲಿಲ್ಲ. 1971ರ ಯುದ್ಧದಲ್ಲಿ ಅದು ಭೂಸೇನೆಗೆ ಒಳ್ಳೆಯ ಬೆಂಬಲವನ್ನೇ ನೀಡಿತಾದರೂ ಸ್ಟಾರ್‌ಫೈಟರಿಗೆ ಅದು ಉತ್ತರವಾಗಲಾರದೆ ಹೋಯಿತು. ದೇವಗಿರಿಯ ಬಂಡೆಗೂ ಉಪ್ಪಿನ ಚೀಲಕ್ಕೂ ಇದ್ದ ಸಂಬಂಧವೇ ಇಲ್ಲಿ ಒಡಲಿಗೂ ಎಂಜಿನಿಗೂ ಇತ್ತು.

4

ಈ ಪರಿಸ್ಥಿತಿಯಲ್ಲಿ, ಅಮೆರಿಕ ಬ್ರಿಟನ್ನುಗಳ ವಿರೋಧವಿದ್ದರೂ, 1962ರ ಆಗಸ್ಟಿನಲ್ಲಿ ಭಾರತವು ಮಿಗ್–21 ವಿಮಾನಗಳನ್ನು ಕೊಳ್ಳುವುದಕ್ಕೂ ಸ್ವದೇಶದಲ್ಲಿ ಕಟ್ಟುವುದಕ್ಕೂ ಸೋವಿಯತ್ ಒಕ್ಕೂಟದೊಡನೆ ಒಪ್ಪಂದ ಮಾಡಿಕೊಂಡಿತು. ಕಟ್ಟುವ ಹಕ್ಕು ದೊರೆತುದು ಒಂದು ಆಕರ್ಷಣೆ. ಹಣ ತೆರುವ ಬಗೆ ಇನ್ನೊಂದು. 1957–58ರ ವಿದೇಶೀ ವಿನಿಮಯದ ಮುಗ್ಗಟ್ಟನ್ನು ಕಂಡಿದ್ದ ಸರ್ಕಾರಕ್ಕೆ ಸೋವಿಯತ್ ಷರತ್ತುಗಳು ಅನುಕೂಲವಾಗಿದ್ದುವು. ಸಾಲಕ್ಕೆ ಬಡ್ಡಿ ಕಡಿಮೆ, ಮರುಪಾವತಿ ರೂಪಾಯಿಗಳಲ್ಲಿ. ಆ ರೂಪಾಯಿಗಳಿಂದ ಸೋವಿಯತ್ ಒಕ್ಕೂಟವು ಭಾರತದ ಚಹ, ಸೆಣಬು, ಚರ್ಮ, ಬಟ್ಟೆಗಳನ್ನು ಕೊಳ್ಳುತ್ತಿತ್ತು. ನಾಸಿಕ ರೋಡಿನ ಮುದ್ರಣಾಲಯದಲ್ಲಿ 1928ರಿಂದ ನೋಟುಗಳು ಅಚ್ಚಾಗುತ್ತಿದ್ದುವು. ಅಲ್ಲಿ ರೂಪಾಯಿಯನ್ನು ಅಚ್ಚು ಮಾಡಬಹುದಿತ್ತು, ಡಾಲರನ್ನು ಮಾಡುವಂತಿರಲಿಲ್ಲ.

ಒಪ್ಪಂದವಾದ ಎರಡು ತಿಂಗಳಲ್ಲಿಯೇ ಅದಕ್ಕೆ ಅಗ್ನಿಪರೀಕ್ಷೆ ಬಂದಿತು. 1962ರ ಅಕ್ಟೋಬರ್ 20ರಂದು ಚೀನದ ಸೇನೆಗಳು ಭಾರತದ ಗಡಿಯನ್ನು ದಾಟಿದುವು. ಅದೇ ವಾರ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳಿರುವುದನ್ನು ಅಮೆರಿಕವು ಜಗತ್ತಿಗೆ ಸಾರಿ ಆ ದ್ವೀಪಕ್ಕೆ ನೌಕಾ ದಿಗ್ಬಂಧನವನ್ನು ಹಾಕಿತು. ಪರಮಾಣು ಯುದ್ಧದ ಅಂಚಿನಲ್ಲಿ ನಿಂತಿದ್ದ ಕ್ರುಶ್ಚೋವರಿಗೆ ಚೀನದ ಬೆಂಬಲ ಬೇಕಾಗಿತ್ತು. ಅಕ್ಟೋಬರ್ 25ರಂದು ಸೋವಿಯತ್ ಪಕ್ಷದ ಪತ್ರಿಕೆ ‘ಪ್ರಾವ್ದಾ’ ಚೀನದ ಸಂಧಾನಸೂಚನೆಯನ್ನು ಭಾರತ ಒಪ್ಪಬೇಕೆಂದು ಬರೆಯಿತು; ಮಿಗ್ ವಿಮಾನಗಳ ಮಾತೂ ತೂಗುಯ್ಯಾಲೆಗೆ ಬಿದ್ದಿತು. 28ರಂದು ಕ್ಯೂಬಾದ ಬಿಕ್ಕಟ್ಟು ಬಗೆಹರಿಯಿತು. ನವೆಂಬರಿನ ಮೊದಲ ವಾರಕ್ಕೆ ‘ಪ್ರಾವ್ದಾ’ದ ಸ್ವರವೂ ಬದಲಾಯಿತು. ಓಝರಿನಲ್ಲಿ ಇನ್ನೂ ಅಡಿಗಲ್ಲು ಬೀಳುವ ಮೊದಲೇ ಅಲ್ಲಿನ ಕಾರ್ಖಾನೆಯ ಹಣೆಬರೆಹವು ಕೆರಿಬಿಯನ್ ಸಮುದ್ರದ ಮೇಲೆ ಹೀಗೆ ತೂಗಾಡಿತೆಂಬುದನ್ನು ನೆನೆದರೆ ಆಶ್ಚರ್ಯವಾಗದಿರದು.

ಆ ಸಂಧಾನದ ಮರೆಯಲ್ಲಿ ಇನ್ನೊಂದು ವ್ಯವಹಾರವೂ ನಡೆದಿತ್ತು. ಸೋವಿಯತ್ ಕ್ಷಿಪಣಿಗಳು ಕ್ಯೂಬಾದಿಂದ ಹೋಗುವುದಕ್ಕೆ ಪ್ರತಿಯಾಗಿ ತುರ್ಕಿಯಲ್ಲಿದ್ದ ತನ್ನ ಜ್ಯುಪಿಟರ್ ಕ್ಷಿಪಣಿಗಳನ್ನು ತೆಗೆಯುವುದಾಗಿ ಅಮೆರಿಕವು ಗುಟ್ಟಾಗಿ ಮಾತು ಕೊಟ್ಟಿತು. ಕ್ಯೂಬಾವನ್ನು ಮಾಸ್ಕೋ ಕೇಳಲಿಲ್ಲ. ತುರ್ಕಿಯನ್ನು ವಾಷಿಂಗ್ಟನ್ ಕೇಳಲಿಲ್ಲ. ಎರಡು ಮಹಾಶಕ್ತಿಗಳು ಮುಖಾಮುಖಿಯಾಗಿ ಕುಳಿತಾಗ ಮಿತ್ರರ ನೆಲವು ಪಗಡೆಯ ಹಾಸಾಗುತ್ತದೆ.

ಅಲಿಪ್ತನೀತಿಗೂ ಆ ನವೆಂಬರು ಕಠಿನವಾಗಿ ಪರಿಣಮಿಸಿತು. ಪೂರ್ವದ ಗಡಿಯಲ್ಲಿ ಸೈನ್ಯವು ಕುಸಿಯುತ್ತಿದ್ದಾಗ, ನವೆಂಬರ್ 19ರಂದು, ಜವಾಹರಲಾಲ ನೆಹರೂ ಅಧ್ಯಕ್ಷ ಕೆನೆಡಿಯವರಿಗೆ ಪತ್ರ ಬರೆದು ಯುದ್ಧವಿಮಾನಗಳ ಹನ್ನೆರಡು ದಳಗಳನ್ನು ಕೇಳಿದರು. ಎರಡು ದಿನಗಳಲ್ಲಿ ಚೀನವು ತಾನಾಗಿಯೇ ಕದನವಿರಾಮವನ್ನು ಘೋಷಿಸಿತು. ಪಶ್ಚಿಮದ ಆಯುಧಗಳು ಸ್ವಲ್ಪಮಟ್ಟಿಗೆ ಬಂದುವು. ಅದನ್ನು ಕಂಡು ಮುನಿದ ಪಾಕಿಸ್ತಾನವು 1963ರ ಮಾರ್ಚಿನಲ್ಲಿ ಚೀನದೊಡನೆ ಗಡಿ ಒಪ್ಪಂದ ಮಾಡಿಕೊಂಡಿತು. ಕಮ್ಯೂನಿಸ್ಟ್ ದೇಶಗಳನ್ನು ತಡೆಯಲು ಕಟ್ಟಿದ ಕೂಟದ ಸದಸ್ಯನೊಬ್ಬನು ಕಮ್ಯೂನಿಸ್ಟ್ ದೇಶದ ಕೈಹಿಡಿದನು. ಸೇವುಣ ಹೊಯ್ಸಳರ ಕಥೆಯನ್ನು ಬಲ್ಲವರಿಗೆ ಇದು ವಿಪರೀತವಾಗಿ ತೋರದು.

5

1962ರ ನವೆಂಬರಿನಲ್ಲಿ ರಕ್ಷಣಾ ಖಾತೆಯನ್ನು ವಹಿಸಿಕೊಂಡ ಯಶವಂತರಾವ್ ಚವಾಣರು 1963ರಲ್ಲಿ ನಾಸಿಕದಿಂದ ಲೋಕಸಭೆಗೆ ಅವಿರೋಧವಾಗಿ ಆಯ್ಕೆಯಾದರು. ಅದೇ ವರ್ಷ ಮಿಗ್ ವಿಮಾನಗಳಿಗಾಗಿ ಏರೋನಾಟಿಕ್ಸ್ ಇಂಡಿಯಾ ಎಂಬ ಸಂಸ್ಥೆ ರಚಿತವಾಯಿತು. 1964ರ ಅಕ್ಟೋಬರ್ 1ರಂದು ಅದೂ ಬೆಂಗಳೂರಿನ ಹಳೆಯ ಸಂಸ್ಥೆಯೂ ಕೂಡಿ ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. ವಿಮಾನದ ಒಡಲು ಓಝರಿನಲ್ಲಿ, ಎಂಜಿನು ಒರಿಸ್ಸಾದ ಕೋರಾಪುಟದಲ್ಲಿ, ವಿದ್ಯುನ್ಮಾನ ಸಾಧನಗಳು ಹೈದರಾಬಾದಿನಲ್ಲಿ ಎಂದು ಕೆಲಸ ಹಂಚಿಕೆಯಾಯಿತು. ಮೊದಲು ಸೋವಿಯತ್ತಿನಿಂದ ಬಂದ ಭಾಗಗಳ ಜೋಡಣೆ, ಆಮೇಲೆ ಭಾಗಗಳ ತಯಾರಿಕೆ ಎಂಬ ಕ್ರಮದಲ್ಲಿ ಮುಂದುವರಿದ ಓಝರ್, 1980ರ ದಶಕದವರೆಗೆ ಮಿಗ್–21ರ ವಿವಿಧ ಮಾದರಿಗಳನ್ನೂ ಅನಂತರ ಮಿಗ್–27ನ್ನೂ ಸುಖೋಯ್–30ನ್ನೂ ಕಟ್ಟಿತು. ಈ ಮೂರು ನೆಲೆಗಳಿಂದ ಹೊರಟ ಮಿಗ್–21ಗಳು ಆರುನೂರಕ್ಕೂ ಹೆಚ್ಚು.

1965ರ ಯುದ್ಧದಲ್ಲಿ ಅಮೆರಿಕವು ಭಾರತಕ್ಕೂ ಪಾಕಿಸ್ತಾನಕ್ಕೂ ಆಯುಧ ಪೂರೈಕೆಯನ್ನು ನಿಲ್ಲಿಸಿತು. ಅಮೆರಿಕದ ಆಯುಧವನ್ನೇ ನೆಚ್ಚಿದ್ದ ಪಾಕಿಸ್ತಾನಕ್ಕೆ ಅದರ ಪೆಟ್ಟು ಹೆಚ್ಚಾಗಿ ತಗಲಿತು. 1971ರ ಜುಲೈಯಲ್ಲಿ ಹೆನ್ರಿ ಕಿಸಿಂಜರರು ಪಾಕಿಸ್ತಾನದ ಮಾರ್ಗವಾಗಿ ಗುಟ್ಟಾಗಿ ಪೀಕಿಂಗಿಗೆ ಹೋಗಿಬಂದರು. ಒಂದು ತಿಂಗಳೊಳಗೆ, ಆಗಸ್ಟ್ 9ರಂದು, ಭಾರತವು ಸೋವಿಯತ್ ಒಕ್ಕೂಟದೊಡನೆ ಶಾಂತಿ, ಮೈತ್ರಿ ಮತ್ತು ಸಹಕಾರದ ಒಪ್ಪಂದಕ್ಕೆ ಸಹಿ ಹಾಕಿತು. ಅದರ ಒಂಬತ್ತನೆಯ ವಿಧಿಯಂತೆ ಒಬ್ಬರ ಮೇಲೆ ಆಕ್ರಮಣದ ಭೀತಿ ಬಂದಾಗ ಇಬ್ಬರೂ ಕೂಡಲೆ ಸಮಾಲೋಚಿಸತಕ್ಕದ್ದು. ಅದು ಸೈನಿಕ ಕೂಟವಲ್ಲವೆಂದು ದೆಹಲಿಯು ಹೇಳಿತು. ಮಾತಿನ ಅರ್ಥದಲ್ಲಿ ಅದು ನಿಜ. ಡಿಸೆಂಬರಿನಲ್ಲಿ ಅಮೆರಿಕದ ಎಂಟರ್‌ಪ್ರೈಸ್ ನೌಕೆಯು ಬಂಗಾಳ ಕೊಲ್ಲಿಯತ್ತ ಬಂದಾಗ ಸೋವಿಯತ್ ನೌಕೆಗಳೂ ಹಿಂದೂ ಮಹಾಸಾಗರದಲ್ಲಿ ಕಾಣಿಸಿಕೊಂಡುವು. ಅದೇ ತಿಂಗಳು ಕಛ್ ಖಾರಿಯ ಮೇಲೆ ಮಿಗ್–21 ಸ್ಟಾರ್‌ಫೈಟರನ್ನು ಹೊಡೆದುರುಳಿಸಿತು. 14ರಂದು ಢಾಕಾದ ಗವರ್ನರರ ನಿವಾಸದ ಮೇಲೆ ಎರಗಿದ ವಿಮಾನಗಳಲ್ಲಿಯೂ ಮಿಗ್‌ಗಳಿದ್ದುವು.

6

ಆಕಾಶದ ಸಮತೂಕವನ್ನು ಮಿಗ್ ಸಾಧಿಸಿತು. ಅಣ್ವಸ್ತ್ರದ ಪ್ರಶ್ನೆಯು ಉಳಿದೇ ಇತ್ತು. 1964ರ ಅಕ್ಟೋಬರ್ 16ರಂದು ಚೀನವು ತನ್ನ ಮೊದಲ ಬಾಂಬನ್ನು ಸ್ಫೋಟಿಸಿತ್ತು. ಲಾಲಬಹಾದುರ ಶಾಸ್ತ್ರಿಗಳು ಆ ಡಿಸೆಂಬರಿನಲ್ಲಿ ಲಂಡನ್ನಿಗೆ ಹೋದಾಗ ಅಣ್ವಸ್ತ್ರವಿಲ್ಲದ ದೇಶಗಳಿಗೆ ಮಹಾಶಕ್ತಿಗಳು ಅಭಯ ನೀಡುವ ವಿಚಾರವನ್ನು ಎತ್ತಿದರು. ನೆಚ್ಚತಕ್ಕಂಥ ಅಭಯವು ಯಾರಿಂದಲೂ ದೊರೆಯಲಿಲ್ಲ. 1968ರ ಅಣ್ವಸ್ತ್ರ ಪ್ರಸರಣ ನಿಷೇಧ ಒಪ್ಪಂದಕ್ಕೆ ಭಾರತವು ಸಹಿ ಹಾಕಲಿಲ್ಲ. 1974ರ ಮೇ 18ರಂದು ಪೋಖ್ರಣದಲ್ಲಿ ನಡೆದ ಸ್ಫೋಟದ ವಿಜ್ಞಾನಿಗಳ ಮುಂದಾಳು ತುಮಕೂರು ಜಿಲ್ಲೆಯಲ್ಲಿ ಜನಿಸಿದ ರಾಜಾ ರಾಮಣ್ಣನವರು.

ಇಲ್ಲಿಯೂ ಉಗ್ರಾಣದ ಮಾತು ಬಂದೇ ಬಂದಿತು. ಸ್ಫೋಟಕ್ಕೆ ಬೇಕಾದ ಪ್ಲುಟೋನಿಯಂ ಕೆನಡಾದ ನೆರವಿನಿಂದ ಟ್ರಾಂಬೆಯಲ್ಲಿ ಕಟ್ಟಿದ ರಿಯಾಕ್ಟರಿನದು. ಕೆನಡಾ ಕೂಡಲೆ ಸಹಕಾರವನ್ನು ನಿಲ್ಲಿಸಿತು. ಪರಮಾಣು ಸಾಮಗ್ರಿಯನ್ನು ಮಾರುವ ದೇಶಗಳು ತಮ್ಮದೊಂದು ಗುಂಪನ್ನು ಕಟ್ಟಿಕೊಂಡುವು. 1978ರ ಅಮೆರಿಕದ ಕಾನೂನಿನಿಂದ ತಾರಾಪುರ ವಿದ್ಯುದಾಗಾರದ ಇಂಧನಕ್ಕೂ ಅಡ್ಡಿಯಾಗಿ 1980ರ ದಶಕದಲ್ಲಿ ಫ್ರಾನ್ಸಿನ ಬಾಗಿಲನ್ನು ತಟ್ಟಬೇಕಾಯಿತು. ಬಾಂಬು ಸ್ವಂತದ್ದಾದರೂ ದೀಪ ಹೊತ್ತಿಸುವ ಇಂಧನ ಪರರದಾಗಿತ್ತು. 1998ರ ಮೇ ತಿಂಗಳಲ್ಲಿ ಭಾರತವೂ ಪಾಕಿಸ್ತಾನವೂ ಪರೀಕ್ಷೆಗಳನ್ನು ನಡೆಸಿ ಅಣ್ವಸ್ತ್ರ ದೇಶಗಳಾದುವು. ಮರುವರ್ಷವೇ ಕಾರ್ಗಿಲಿನಲ್ಲಿ ಯುದ್ಧವಾಯಿತು. ಅಣ್ವಸ್ತ್ರವು ದೊಡ್ಡ ಯುದ್ಧವನ್ನು ಅಂಜಿಸಿ ತಡೆಯಬಹುದು, ಚಿಕ್ಕ ಯುದ್ಧವನ್ನು ತಡೆಯುವುದೆಂಬ ಭರವಸೆಯಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ಮಹಾಶಕ್ತಿಗಳ ನಡುವೆ ಸಾಗರಗಳಾದರೂ ಇದ್ದುವು. ಇಲ್ಲಿ ಇರುವುದು ಗಡಿಕಲ್ಲು ಮಾತ್ರ.

1991ರಲ್ಲಿ ಸೋವಿಯತ್ ಒಕ್ಕೂಟವು ಅಳಿಯಿತು. ಒಪ್ಪಂದ ಮಾಡಿಕೊಂಡ ರಾಜ್ಯವೇ ಇಲ್ಲವಾದರೂ ಅದು ಕೊಟ್ಟ ವಿಮಾನಗಳೂ ಅದಕ್ಕೆ ತೀರಿಸಬೇಕಾದ ಸಾಲವೂ ಉಳಿದುವು. ಬಿಡಿಭಾಗಗಳಿಗಾಗಿ ಹಲವು ಹೊಸ ದೇಶಗಳಲ್ಲಿ ಹುಡುಕಬೇಕಾಯಿತು. ರೂಪಾಯಿ ರೂಬಲ್‌ಗಳ ಲೆಕ್ಕವು 1993ರ ಜನವರಿಯಲ್ಲಿ ಅಧ್ಯಕ್ಷ ಯೆಲ್ತ್ಸಿನರು ದೆಹಲಿಗೆ ಬಂದಾಗ ಇತ್ಯರ್ಥವಾಯಿತು. ಸಾಲದ ಒಂದು ಭಾಗವನ್ನು ಬಡ್ಡಿಯಿಲ್ಲದೆ 45 ವರ್ಷಗಳಲ್ಲಿ ತೀರಿಸುವುದೆಂದು ಗೊತ್ತಾಯಿತು. ಒಂದು ರಾಜ್ಯದ ಆಯುಷ್ಯಕ್ಕಿಂತ ಅದರ ಸಾಲಪತ್ರದ ಆಯುಷ್ಯವೇ ಹೆಚ್ಚಾಯಿತು. ವಿಮಾನಗಳಿಗೂ ವಯಸ್ಸಾಯಿತು. 1971–72ರಿಂದ 2012ರ ಏಪ್ರಿಲಿನವರೆಗೆ ವಿವಿಧ ಮಾದರಿಯ 482 ಮಿಗ್ ವಿಮಾನಗಳು ಅಪಘಾತಕ್ಕೀಡಾಗಿ 171 ವೈಮಾನಿಕರು ಮಡಿದರೆಂದು ರಕ್ಷಣಾ ಸಚಿವರು ಸಂಸತ್ತಿಗೆ ತಿಳಿಸಿದರು. ಅಪಘಾತಗಳ ಕಾರಣಗಳು ಹಲವು. ಆದರೆ ಬದಲಿ ವಿಮಾನ ಸಕಾಲದಲ್ಲಿ ಬಾರದೆ ಹಳೆಯದನ್ನೇ ಹಾರಿಸಬೇಕಾದುದರ ಬೆಲೆಯೂ ಆ ಲೆಕ್ಕದಲ್ಲಿ ಸೇರಿದೆ. ಮಿಗ್–21ಕ್ಕೆ ಚಂಡೀಗಢದಲ್ಲಿ ಅಂತಿಮ ವಿದಾಯ ದೊರೆತುದು 2025ರ ಸೆಪ್ಟೆಂಬರ್ 26ರಂದು.

ಅದಾದ ಮೂರು ವಾರಗಳಿಗೆ, ಅಕ್ಟೋಬರ್ 17ರಂದು, ಓಝರಿನ ಕಾರ್ಖಾನೆಯಲ್ಲಿ ಕಟ್ಟಿದ ಮೊದಲ ತೇಜಸ್ ವಿಮಾನವು ಆಕಾಶಕ್ಕೇರಿತು. ವಿನ್ಯಾಸ ಬೆಂಗಳೂರಿನದು, ಕೈಕೆಲಸ ನಾಸಿಕದ್ದು. ಎಂಜಿನು ಅಮೆರಿಕದ್ದು. 1980ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಾವೇರಿ ಎಂಜಿನಿನ ಯೋಜನೆಯು ಗುರಿ ಮುಟ್ಟದೆ 2008ರಲ್ಲಿ ತೇಜಸ್ಸಿನಿಂದ ಬೇರ್ಪಟ್ಟಿತ್ತು. ಅಮೆರಿಕದಿಂದ ಬರಬೇಕಾದ ಎಂಜಿನುಗಳು ತಡವಾದುದರಿಂದ ವಿಮಾನಗಳನ್ನು ವಾಯುಪಡೆಗೆ ಒಪ್ಪಿಸುವುದೂ ತಡವಾಯಿತು. ಅಮೆರಿಕವು ನೆರೆಯವನಿಗೆ ಕೊಟ್ಟ ವಿಮಾನಕ್ಕೆ ಉತ್ತರವಾಗಿ ಹುಟ್ಟಿದ ಕಾರ್ಖಾನೆಯು ಅರುವತ್ತು ವರ್ಷಗಳ ಮೇಲೆ ಅಮೆರಿಕದ ಎಂಜಿನಿಗಾಗಿ ಕಾಯಬೇಕಾಯಿತು.

ಇದರಿಂದ ಅಲಿಪ್ತನೀತಿಯು ಸುಳ್ಳೆಂದು ಹೇಳುವುದು ಸರಿಯಾಗಲಾರದು. ಕೂಟಕ್ಕೆ ಸೇರದ ದೇಶವು 1962ರಲ್ಲಿ ಎರಡು ಬಾಗಿಲುಗಳನ್ನು ತಟ್ಟಲು ಸಾಧ್ಯವಾಯಿತು; ತುರ್ಕಿಗೂ ಕ್ಯೂಬಾಕ್ಕೂ ಆ ಸ್ವಾತಂತ್ರ್ಯವಿರಲಿಲ್ಲ. ಆದರೆ ಒಪ್ಪಂದಕ್ಕೆ ಸಹಿ ಹಾಕದಿರುವುದೇ ಪೂರ್ಣ ಸ್ವಾತಂತ್ರ್ಯವೆಂದು ತಿಳಿಯುವುದೂ ತಪ್ಪು. ಸಹಿ ಹಾಕಿದ ಮೈತ್ರಿಯನ್ನು ಒಂದು ದಿನ ಮುರಿಯಬಹುದು. ಕೊಂಡ ವಿಮಾನದೊಡನೆ ಬರುವ ಮೈತ್ರಿಯು ಆ ವಿಮಾನವು ಹಾರುವವರೆಗೂ, ಅದರ ಸಾಲವು ತೀರುವವರೆಗೂ ಬಿಡುವಂಥದಲ್ಲ. ದೇವಗಿರಿಯ ಬಂಡೆಯು ಇಂದಿಗೂ ಗಟ್ಟಿಯಾಗಿ ನಿಂತಿದೆ. ಅದನ್ನು ಹತ್ತಿ ನೋಡುವವರು ಕಲ್ಲಿನ ಗೋಡೆಗಳನ್ನು ಕಂಡು ಬೆರಗಾಗುವುದು ಸಹಜ. ಅಲ್ಲಿನ ಉಗ್ರಾಣವು ಎಲ್ಲಿತ್ತು, ಅದನ್ನು ತುಂಬುತ್ತಿದ್ದವರು ಯಾರು ಎಂದು ಕೇಳುವುದೂ ಅಷ್ಟೇ ಅಗತ್ಯ.